ಕಂಟೇನರಿನಿಂದ ಕಾಣೆಯಾದ ಬಾಯ್ಲರ್

ಬೀಗ ಹಾಕಿದ ಹಾಗೇ ಇತ್ತು. ಒಳಗಿದ್ದ ಬಾಯ್ಲರ್ ಮಾತ್ರ ಇರಲಿಲ್ಲ.

ಶಿವಲೀಲಾ ಬಾಗಿಲಲ್ಲೇ ಕುಸಿದು ಕೂತಳು. ನ್ಯಾಮತಿಯಲ್ಲಿ ಅವಳ ಹೊಸ ಹೋಟೆಲ್ ಮರುದಿನ ಶುರುವಾಗಬೇಕಿತ್ತು. ಹೋಟೆಲ್ ಅಂದರೆ ಕಟ್ಟಡವಲ್ಲ, ಕಂಟೇನರ್. ಹಡಗಿನಲ್ಲಿ ಯಾವ್ಯಾವ ದೇಶ ಸುತ್ತಿತ್ತೋ ಏನೋ, ಕಡೆಗೆ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡಿಗೆ ಸಿಕ್ಕು, ಲಾರಿ ಏರಿ ಇಲ್ಲಿಗೆ ಬಂದಿತ್ತು. ಅವಳಪ್ಪ ಗುರುಬಸವರಾಜಪ್ಪನವರ ಹೆಂಚಿನ ಹೋಟೆಲ್ ರಸ್ತೆ ಅಗಲ ಮಾಡುವಾಗ ನೆಲಸಮವಾಗಿತ್ತು. ಅಪ್ಪನೂ ಹೋಗಿದ್ದರು. ಉಳಿದದ್ದು ತಾಮ್ರದ ಆ ಟೀ ಬಾಯ್ಲರ್ ಒಂದೇ. ಅದರ ಟೀ ಕುಡಿದವರು ಈಗಲೂ ಬೇರೆ ಟೀಗೆ ಮೂಗು ಮುರಿಯುತ್ತಾರೆ. ನಾನೂ ಅವರಲ್ಲೊಬ್ಬ.

ಸಬ್ ಇನ್ಸ್‌ಪೆಕ್ಟರ್ ಗಂಗೋತ್ರಿ ಬಂದಳು. ಜಗಳೂರಿನ ಹುಡುಗಿ. ಮಾತು ಕಡಿಮೆ, ಕಣ್ಣು ಚುರುಕು.

"ಕೀಲಿ ಯಾರ ಹತ್ರ ಐತೆ?"

"ನನ್ನ ಹತ್ರಾನೇ ಮೇಡಂ. ಸೊಂಟದಾಗೇ ಐತೆ."

ಗಂಗೋತ್ರಿ ಬೀಗವನ್ನು ಮುಟ್ಟಲಿಲ್ಲ. ಅದು ನೇತಾಡುತ್ತಿದ್ದ ಹಿಡಿಯನ್ನು ಅಲುಗಾಡಿಸಿದಳು. ಹಿಡಿಯ ಬೋಲ್ಟ್ ಕೈಗೇ ಬಂತು. ಬೋಲ್ಟ್ ಬಿಚ್ಚಿದರೆ ಬೀಗ ತೆಗೆಯದೆಯೇ ಬಾಗಿಲು ತೆರೆಯುತ್ತಿತ್ತು.

"ಇಲ್ಲಿ ಬಿದ್ದಿರೋ ಸ್ಪ್ಯಾನರ್ ಯಾರದು?"

ಎಲ್ಲರ ಕಣ್ಣೂ ವೆಲ್ಡರ್ ತಿಮ್ಮೇಶನ ಮೇಲೆ ಬಿತ್ತು. ಕಂಟೇನರಿಗೆ ಕಿಟಕಿ ಕೊರೆದು ಹೋಟೆಲ್ ಮಾಡಿದವನು ಅವನೇ.

* * *

"ನಾನು ಕದ್ದಿಲ್ಲ ಮೇಡಂ," ಅಂದ ತಿಮ್ಮೇಶ. "ಆ ಬೋಲ್ಟಿಗೆ ಇವತ್ತು ವೆಲ್ಡಿಂಗ್ ಮಾಡಾಕೆ ಇಟ್ಕಂಡಿದ್ದೆ. ಸ್ಪ್ಯಾನರ್ ಇಲ್ಲೇ ಹೊರಗೆ ಬಿಟ್ಟಿದ್ದೆ."

"ಬೋಲ್ಟ್ ವಿಷಯ ಯಾರ್ಯಾರಿಗೆ ಗೊತ್ತು?"

"ನಿನ್ನೆ ಹೇಳುವಾಗ ಇಬ್ಬರಿದ್ರು. ಗುಜರಿ ಪ್ರವೀಣಣ್ಣ, ಆಮೇಲೆ ದಾಸಪ್ಪಜ್ಜ. ಅಜ್ಜ ಹಳೇ ಹೋಟೆಲಿನಾಗೆ ಟೀ ಮಾಡ್ತಿದ್ರು. ದಿನಾ ಬಂದು ಕೂತಿರ್ತಾರೆ."

"ಬಾಯ್ಲರಿಗೆ ಏನು ಮಾಡೋದಿತ್ತು?"

"ಹಿಂದುಗಡೆ ಕತ್ತರಿಸಿ ಒಳಗೆ ಬಲ್ಬ್ ಹಾಕೋದಿತ್ತು. ಶೋಗೆ."

ಗುಜರಿ ಪ್ರವೀಣ್ ಕುಮಾರ್ ಆ ಬಾಯ್ಲರನ್ನು ಕೊಡಿ ಅಂತ ಬೆನ್ನು ಬಿದ್ದಿದ್ದವನು. ಆದರೆ ಅವನ ಗೋಡೌನ್ ಜಾಲಾಡಿದರೂ ತಾಮ್ರದ ಚೂರು ಸಿಗಲಿಲ್ಲ. ಹಿಂದಿನ ರಾತ್ರಿ ಅವನು ಹೊನ್ನಾಳಿಯ ಮದುವೆಯಲ್ಲಿ ಕುಣಿಯುತ್ತಿದ್ದ ವಿಡಿಯೋ ಅರ್ಧ ತಾಲ್ಲೂಕು ನೋಡಿತ್ತು. ಆ ಕುಣಿತ ನೋಡಿದವರಿಗೆ ಅವನು ಬೇರೆ ಅಪರಾಧ ಮಾಡುವ ಅಗತ್ಯವಿಲ್ಲ ಅನಿಸಿರಬೇಕು.

ತಿಮ್ಮೇಶನನ್ನು ಠಾಣೆಯಲ್ಲಿ ಕೂರಿಸಿದರು. ಊರು ಆಗಲೇ ಅವನನ್ನು ಕಳ್ಳ ಅಂದಿತ್ತು.

* * *

ಗಂಗೋತ್ರಿ ಶಿವಲೀಲಾಳನ್ನು ಕರೆದುಕೊಂಡು ದಾಸಪ್ಪನ ಮನೆಗೆ ಹೋದಳು. ಮುಂದೆ ಸಾರಿಸಿ ರಂಗೋಲಿ ಹಾಕಿತ್ತು. ರಂಗೋಲಿಯಾಚೆ ಬೀದಿಯಲ್ಲಿ ಒಂದು ಕಂದು ಕಲೆ. ಇರುವೆ ಮುತ್ತಿದ್ದವು. ಗಂಗೋತ್ರಿ ಬಗ್ಗಿ ನೋಡಿ ಒಳಗೆ ಬಂದಳು.

"ಟೀ ಕುಡೀತೀರಾ ಅಂತ ಕೇಳಲ್ಲ ಮೇಡಮ್ಮೋರೆ," ದಾಸಪ್ಪ ಮಜ್ಜಿಗೆ ತಂದಿಟ್ಟ. "ಹೋಟೆಲ್ ಮುಚ್ಚಿದ ಮೇಲೆ ಮನೆಯಾಗೆ ಟೀ ಮಾಡಿಲ್ಲ."

"ಹಂಗಾದ್ರೆ ಇವತ್ತು ಬೀದಿಗೆ ಟೀ ಚೆಲ್ಲಿದೋರು ಯಾರು ಅಜ್ಜ?"

ದಾಸಪ್ಪ ಮಜ್ಜಿಗೆ ಲೋಟವನ್ನು ಅವಳ ಕಡೆ ಇನ್ನಷ್ಟು ಸರಿಸಿದ.

"ನಾನು ಚಿಕ್ಕೋಳಿದ್ದಾಗ," ಅಂದಳು ಗಂಗೋತ್ರಿ, "ಸ್ಕೂಲಿಗೆ ಹೋಗೋ ದಾರಿಯಾಗೆ ಟೀ ಅಂಗಡಿ ಇತ್ತು. ಮೊದಲ ಲೋಟ ಯಾರಿಗೂ ಕೊಡ್ತಿರಲಿಲ್ಲ. ದೇವರ ಹೆಸರು ಹೇಳಿ ಬೀದಿಗೆ ಚೆಲ್ಲೋರು. ನಾವು ಅದನ್ನ ಹಾರಿಕೊಂಡು ಹೋಗ್ತಿದ್ವಿ. ಮನೆಯೋರು ಹಂಗೆ ಮಾಡಲ್ಲ ಅಜ್ಜ. ಹೋಟೆಲಿನೋರು ಮಾಡ್ತಾರೆ. ಬೋಲ್ಟಿನ ಮಾತು ಕೇಳಿದ್ದೋರು ಇಬ್ಬರು. ಒಬ್ಬ ಹೊನ್ನಾಳಿಯಾಗೆ ಕುಣೀತಿದ್ದ. ಇನ್ನೊಬ್ಬರು, ಕೈಗೆ ಬಾಯ್ಲರ್ ಸಿಕ್ಕಿದ್ದೇ, ಅಭ್ಯಾಸ ಬಿಡಲಾರದೆ ಮೊದಲ ಲೋಟ ಬೀದಿಗೆ ಕೊಟ್ರು."

ದಾಸಪ್ಪ ಎದ್ದು ಹಿತ್ತಲ ಬಾಗಿಲು ತೆರೆದ. ಬಾಯ್ಲರ್ ಅಲ್ಲಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದ್ದರಿಂದ ಥಳಥಳ ಹೊಳೆಯುತ್ತಿತ್ತು. ಕೆಳಗೆ ಕೆಂಡ ಇನ್ನೂ ಆರಿರಲಿಲ್ಲ.

"ಮೊಪೆಡ್ ಮ್ಯಾಲೆ ತಂದೆ," ಅಂದ.

ಶಿವಲೀಲಾ ಸಿಡಿದಳು. "ದಾಸಣ್ಣ, ನೀನಾ? ನನ್ನ ಕೇಳಿದ್ರೆ ಆಗ್ತಿರಲಿಲ್ವಾ?"

"ಕೇಳ್ದೆ ಕಣವ್ವ. ಅದನ್ನ ಕತ್ತರಿಸಬ್ಯಾಡ, ಇನ್ನೂ ಕಾಯ್ತೈತೆ ಅಂದೆ. ನೀನು ಫೋನ್ ನೋಡ್ತಾ ಹೂಂ ಹೂಂ ಅಂದೆ. ನಿಮ್ಮಪ್ಪ ಗಲ್ಲಾದಾಗೆ, ನಾನು ಇದರ ಮುಂದೆ. ನನ್ನ ಜೀವಮಾನ ಇದರ ಮುಂದೇನೇ ನಿಂತು ಕಳೆದೆ. ಇದರ ಹೊಟ್ಟೆ ಸೀಳೋದನ್ನ ನೋಡಾಕೆ ಆಗಲಿಲ್ಲ."

"ತಿಮ್ಮೇಶಿ ಠಾಣೆಯಾಗೆ ಕೂತಾನೆ, ಗೊತ್ತಾ?"

ದಾಸಪ್ಪನಿಗೆ ಗೊತ್ತಿರಲಿಲ್ಲ. ಮುಖ ಬಿಳಿಚಿತು. ಚಪ್ಪಲಿ ಹುಡುಕತೊಡಗಿದ. "ನಡೀರಿ ಮೇಡಮ್ಮೋರೆ, ಅವನನ್ನ ಬಿಡಿಸ್ಕಂಡು ನನ್ನ ಹಾಕ್ರಿ."

ಶಿವಲೀಲಾ ಅಡ್ಡ ನಿಂತಳು. ಅವಳ ಸಿಟ್ಟು ಇಳಿದಿರಲಿಲ್ಲ, ಕಣ್ಣಲ್ಲಿ ನೀರೂ ಇತ್ತು. "ಕಬ್ಬಿಣದ ಡಬ್ಬದಾಗೆ ಕೆಂಡ ಹೆಂಗೆ ಹಾಕೋದು ದಾಸಣ್ಣ? ಹೊಗೆ ಎಲ್ಲಿಗೆ ಹೋಗಬೇಕು?"

ದಾಸಪ್ಪ ತಲೆಯೆತ್ತಿ, ಹಿತ್ತಲಿನಿಂದ ಆಕಾಶಕ್ಕೆ ಏರುತ್ತಿದ್ದ ಎಳೆ ಹೊಗೆಯನ್ನು ನೋಡಿದ.

ಶಿವಲೀಲಾ ಗಂಗೋತ್ರಿಯ ಕಡೆ ತಿರುಗಿದಳು. "ಕಂಪ್ಲೇಂಟ್ ವಾಪಸ್ ತಗೋತೀನಿ ಮೇಡಂ. ತಿಮ್ಮೇಶಿಗೆ ಫೋನ್ ಕೊಡಾಕೆ ಹೇಳ್ರಿ."

ಗಂಗೋತ್ರಿ ಠಾಣೆಗೆ ಕರೆ ಮಾಡಿ ಫೋನನ್ನು ಅವಳ ಕೈಗಿತ್ತಳು.

"ತಿಮ್ಮೇಶಿ, ತಪ್ಪಾತು, ಮನಸಿಗೆ ಹಚ್ಕೋಬ್ಯಾಡ," ಅಂದಳು ಶಿವಲೀಲಾ. "ಕಟರ್ ತಗಂಡು ಬೇಗ ಬಾ. ಬಾಯ್ಲರ್ ಕತ್ತರಿಸೋದು ಬ್ಯಾಡ. ಕಂಟೇನರಿನ ಚಾವಣಿ ಕತ್ತರಿಸು."