ನಾಲ್ಕನೆಯ ಗೆರೆ

ಇಳಿಜಾರಿನ ಕೊನೆಯಲ್ಲಿ, ಗ್ರಂಥಾಲಯದ ಕಾಂಪೌಂಡಿಗೆ ಮೂತಿ ಜಜ್ಜಿಕೊಂಡು ಕಾರು ನಿಂತಿತ್ತು. ರಸ್ತೆಯ ಮೇಲೆ ಬ್ರೇಕ್ ಹಿಡಿದ ಗುರುತು ಒಂದಿಂಚೂ ಇರಲಿಲ್ಲ.

ಸರ್ವೇಯರ್ ಬಂದಾಗ ಬೆಳಿಗ್ಗೆ ಒಂಬತ್ತೂವರೆ. ಕಾರು ಓಡಿಸುತ್ತಿದ್ದ ನಿವೃತ್ತ ಟೀಚರನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಹದಿನೆಂಟು ವರ್ಷಗಳಿಂದ ವಿಮಾ ಕಂಪನಿಗಳ ಪರವಾಗಿ ಜಜ್ಜಿದ ಕಾರುಗಳನ್ನು ನೋಡುವುದೇ ಸರ್ವೇಯರ್ ಆದ ಈಕೆಯ ಕಸುಬು. ಮೊದಲು ಕಾರು, ಆಮೇಲೆ ಜನ. ಕಾರು ಸುಳ್ಳು ಹೇಳುವುದೇ ಇಲ್ಲ ಎಂದಲ್ಲ. ಹೇಳಿದರೂ ಕಣ್ಣೀರು ಹಾಕುವುದಿಲ್ಲ.

ರಸ್ತೆಯ ಮೇಲೆಯೇ ಮಲಗಿ ಎಡಗಡೆಯ ಮುಂದಿನ ಚಕ್ರದ ಒಳಕ್ಕೆ ಟಾರ್ಚ್ ಬಿಟ್ಟಳು. ಟೈರಿನ ಒಳಮೈ ಒದ್ದೆ. ಬ್ರೇಕಿಗೆ ಆಯಿಲ್ ತರುವ ಕೊಳವೆಯ ಬೋಲ್ಟ್ ಬೆರಳಿನಲ್ಲೇ ತಿರುಗಿತು.

"ತಾನಾಗೇ ಸಡಿಲ ಆಗಿದ್ದಾ ಮೇಡಂ?" ಇನ್‌ಸ್ಪೆಕ್ಟರ್ ಬಗ್ಗಿ ಕೇಳಿದ.

"ಇದು ತಾನಾಗಿ ಸಡಿಲ ಆಗೋ ಜಾತಿಯಲ್ಲ."

ಇನ್‌ಸ್ಪೆಕ್ಟರ್‌ಗೆ ಅಷ್ಟೇ ಬೇಕಾಗಿತ್ತು. ಅಪರಾಧಿ ಆಗಲೇ ತನ್ನ ಲಾಕಪ್ಪಿನಲ್ಲಿದ್ದಾನೆ ಎಂದ. ಟೀಚರ ಒಡಹುಟ್ಟಿದ ತಮ್ಮನೇ, ಮೆಕ್ಯಾನಿಕ್. ಇಪ್ಪತ್ತು ದಿನದ ಹಿಂದೆ ನಾಲ್ಕೂ ಚಕ್ರದ ಬ್ರೇಕ್ ಕೊಳವೆ ಬದಲಾಯಿಸಿದವನು ಅವನೇ. ದೂರು ಕೊಟ್ಟವನು ಟೀಚರ ಮಗ. ಸಂಜೆ ಐದಕ್ಕೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಆಪರೇಷನ್ನು ನಡೀತಿದೆ. ಟೀಚರ್ ಉಳಿದರೆ ಒಂದು ಕೇಸು, ಹೋದರೆ ಇನ್ನೊಂದು.

"ನಿಮ್ಮ ರಿಪೋರ್ಟಲ್ಲಿ ಎರಡು ಸಾಲು ಬರೆದುಕೊಟ್ಟರೆ ಸಾಕು," ಎಂದ.

ಸರ್ವೇಯರ್ ಉಳಿದ ಮೂರು ಚಕ್ರಗಳನ್ನೂ ನೋಡಿದಳು. ಪ್ರತಿ ಬೋಲ್ಟಿನ ತಲೆಯಿಂದ ಮೇಲಿನ ಕಬ್ಬಿಣದವರೆಗೆ ಒಂದು ಕೆಂಪು ಗೆರೆ. ಗೆರೆಯ ಮೇಲೆ ಬ್ರೇಕಿನ ಕಪ್ಪು ಪುಡಿ. ಎಡ ಮುಂದಿನ ಚಕ್ರದಲ್ಲಿ ಮಾತ್ರ ಗೆರೆಯಿಲ್ಲ.

ಪುಡಿಯೂ ಇಲ್ಲ. ಅಂಗೈಯಗಲದ ಜಾಗ ತೊಳೆದ ತಟ್ಟೆಯ ಹಾಗಿತ್ತು.

\* \* \*

ಲಾಕಪ್ಪಿನಲ್ಲಿ ಮೆಕ್ಯಾನಿಕ್ ನೆಲ ನೋಡುತ್ತ ಕುಳಿತಿದ್ದ. ಜನ ಅವನನ್ನು ಕರೆಯುವುದು ಗೆರೆ ಮೇಸ್ತ್ರಿ ಎಂದೇ. ಬಿಗಿ ಮಾಡಿದ ಪ್ರತಿ ಬೋಲ್ಟಿಗೂ ಉಗುರು ಬಣ್ಣದಿಂದ ಒಂದು ಗೆರೆ ಎಳೆಯುತ್ತಾನೆ. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಮದುವೆಯಾಗದ ಗಂಡಸು ತಿಂಗಳಿಗೊಂದು ಸೀಸೆ ಉಗುರು ಬಣ್ಣ ಕೊಳ್ಳುವುದು ಇಡೀ ಬೀದಿಗೆ ನಗೆಪಾಟಲು. ಅವನ ಜೇಬಿನ ಸೀಸೆ ಈಗ ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಸಾಕ್ಷಿಯಾಗಿ ಕುಳಿತಿತ್ತು.

"ನಾಲ್ಕಕ್ಕೂ ಎಳೆದಿದೀನಿ," ಎಂದ. "ಅಕ್ಕನ ಗಾಡಿಗೆ ಮರೀತೀನಾ?" ತಲೆಯೆತ್ತಿ ಕೇಳಿದ, "ಅಕ್ಕ ಹೇಗಿದ್ದಾಳೆ? ಇಲ್ಲಿ ಯಾರೂ ಹೇಳ್ತಿಲ್ಲ."

ಆಪರೇಷನ್ ನಡೀತಿದೆ ಎಂದಳು. ಅದಕ್ಕಿಂತ ಹೆಚ್ಚು ಆಕೆಗೂ ಗೊತ್ತಿರಲಿಲ್ಲ.

ಹಿಂದಿನ ಕಥೆಯನ್ನು ಅವನೇ ಹೇಳಿದ. ಮೊದಲ ಎರಡು ವರ್ಷ ಕಾರಿಗೆ ಶೋರೂಮಿನಲ್ಲೇ ಮಾಡಿಸಿದ್ದು ಕಾರು ಕಂಪನಿಯ ಹೆಸರಿನದೇ ವಿಮೆ. ಮೂರನೇ ವರ್ಷ ಅಕ್ಕ ತಮ್ಮನನ್ನು ಕೇಳಿದಳು. ತಮ್ಮ ಶೋರೂಮಿನ ವಿಮೆ, ಹೊರಗಿನ ಕಂಪನಿಯ ವಿಮೆ, ಎರಡರ ಕಾಗದವನ್ನೂ ಪಕ್ಕಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ, ಸಿಗುವುದೆಲ್ಲ ಒಂದೇ, ಹೊರಗಿನದು ಅಗ್ಗ, ರಿಪೇರಿ ಎಲ್ಲಿ ಬೇಕಾದರೂ ಮಾಡಿಸಬಹುದು ಎಂದ. ಮಗ ಒಪ್ಪಲಿಲ್ಲ. ಶೋರೂಮಿನ ವಿಮೆಯಾದರೆ ಕಂಪನಿಯದೇ ವರ್ಕ್‌ಶಾಪು, ಕಂಪನಿಯದೇ ಸಾಮಾನು, ಕೈಯಿಂದ ಕೊಡೋದು ಕಡಿಮೆ ಎಂದು ಅವನ ವಾದ. ಒಂದು ವಾರ ಮನೆಯಲ್ಲಿ ಊಟದ ಹೊತ್ತಿಗೆಲ್ಲ ಇದೇ ಮಾತು. ಕೊನೆಗೆ ಟೀಚರ್ ತಮ್ಮನ ಮಾತು ಹಿಡಿದರು.

"ಅವನೂ ತಪ್ಪು ಹೇಳಿರಲಿಲ್ಲ," ಎಂದ ಮೇಸ್ತ್ರಿ. "ಹೆದರಿಕೆಗೆ ಹೇಳಿದ್ದ. ಹಲ್ಲಿನ ಡಾಕ್ಟರು. ಬೇರೆಯವರ ಬಾಯಿಗೆ ಕೈ ಹಾಕ್ತಾನೆ, ಕಾರಿನ ಬಾನೆಟ್ ತೆಗೆಯೋಕೆ ಹೆದರ್ತಾನೆ."

\* \* \*

ಠಾಣೆಯ ಹೊರಗೆ ಇನ್‌ಸ್ಪೆಕ್ಟರ್ ಹೊಸ ಅನುಮಾನ ತೆಗೆದ. ನಿನ್ನೆ ಇಡೀ ದಿನ ಕಾರು ಮಗನ ಕೈಯಲ್ಲಿತ್ತು. ತಾಯಿಗೆ ಹೊಸ ಕಾರು ಕೊಡಿಸುವ ಹಟ ಅವನಿಗೆ. ಮಾವನ ಮೇಲೆ ಸಿಟ್ಟು ಬೇರೆ. ಬೇಲಿಯೇ ಹೊಲ ಮೇಯ್ದಿದ್ದರೆ?

ಸರ್ವೇಯರ್ ಠಾಣೆಗೆ ಎಳೆದು ತಂದಿದ್ದ ಕಾರಿನ ಡಿಕ್ಕಿ ತೆಗೆಸಿದಳು. ಸ್ಪ್ಯಾನರಿನ ಚೀಲಕ್ಕೆ ಕಾರ್ಖಾನೆಯಲ್ಲಿ ಕಟ್ಟಿದ ದಾರ ಇನ್ನೂ ಹಾಗೇ ಇತ್ತು. ಮಗನನ್ನು ಕರೆಸಿ, ಮುರಿದ ಲ್ಯಾಂಪಿನ ಒಂದು ಸ್ಕ್ರೂ ಬಿಚ್ಚಿಕೊಡಿ ಎಂದಳು. ಅವನು ಸ್ಕ್ರೂಡ್ರೈವರ್ ಹಿಡಿದು ಬಿಗಿಯುವ ದಿಕ್ಕಿಗೇ ಮೂರು ಸಲ ತಿರುಗಿಸಿದ. ಕೈ ನಡುಗುತ್ತಿತ್ತು.

"ಅಮ್ಮನಿಗೆ ಪ್ರಜ್ಞೆ ಬಂದಿಲ್ಲ," ಎಂದ. "ಮಾವ ಒಂದು ಬೋಲ್ಟ್ ಮರೆತ, ಅಷ್ಟೇ. ಅವನನ್ನ ಹೇಗೆ ಕ್ಷಮಿಸಲಿ?"

ಸರ್ವೇಯರ್ ಕಾರಿನ ಮುಂಬಾಗಿಲು ತೆರೆದಳು. ಚಾಲಕನ ಬಾಗಿಲಿನ ಜೇಬಿಗೆ ಕೈ ಹಾಕಿದಳು. ನಾಲ್ಕಾಗಿ ಮಡಿಸಿದ ಒಂದು ದಪ್ಪ ಕಾಗದ ಸಿಕ್ಕಿತು. ದುಂಡಗಿನ ಅಕ್ಷರದಲ್ಲಿ ಸಾಮಾನಿನ ಪಟ್ಟಿ. ಬಲ್ಬು ಒಂದು, ನೀಲಿ ದಾರ, ಬಾಗಿಲಿನ ಚಿಲಕ. ತುದಿಯಲ್ಲಿ ತಾರೀಖು. ಮೊನ್ನೆ ಗುರುವಾರದ್ದು.

"ಅಮ್ಮನದೇ," ಎಂದ ಮಗ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವರು. ತಾರೀಖು ಹಾಕದೆ ಒಂದು ಸಾಲೂ ಬರೆಯುವುದಿಲ್ಲ. ಒಂದು ಮಗ್ಗುಲು ಖಾಲಿಯಿರುವ ಯಾವ ಕಾಗದವನ್ನೂ ಎಸೆಯುವುದಿಲ್ಲ.

ಸರ್ವೇಯರ್ ಕಾಗದ ತಿರುಗಿಸಿದಳು. ಕಾರಿನ ಚಿತ್ರ, ಕೊಡೆ, ಶೋರೂಮಿನ ಹೆಸರು, ಮುದ್ರಿಸಿದ ಘೋಷಣೆ: 'ಕಾರು ನಮ್ಮದು, ಕಾಳಜಿಯೂ ನಮ್ಮದೇ.' ಅದರ ಮೇಲೆ ಗಂಡಸಿನ ಬೂಟಿನ ಅರ್ಧ ಅಚ್ಚು.

ವಾಚು ನೋಡಿಕೊಂಡಳು. ಮೂರು ಗಂಟೆ.

"ಸರ್, ಶೋರೂಮಿಗೆ ಹೋಗೋಣ."

\* \* \*

ಶೋರೂಮಿನ ವಿಮೆ ಡೆಸ್ಕಿನವನು ಎದ್ದು ನಿಂತು ಕುರ್ಚಿ ತೋರಿಸಿದ. ಟೈ, ಇಸ್ತ್ರಿ, ನಗು, ಎಲ್ಲ ಅಚ್ಚುಕಟ್ಟು. ಹಿಂದೆ ಇದೇ ವರ್ಕ್‌ಶಾಪಿನಲ್ಲಿ ಆರು ವರ್ಷ ಸ್ಪ್ಯಾನರ್ ಹಿಡಿದವನಂತೆ. ಸೊಂಟ ನೋವು ಬಂದು ಮೇಜಿಗೆ ಬಂದೆ ಎಂದ.

ಟೀಚರ ವಿಷಯ ಕೇಳಿ ನಿಟ್ಟುಸಿರು ಬಿಟ್ಟ. ಹೊರಗಿನ ವಿಮೆ, ಹೊರಗಿನ ಗ್ಯಾರೇಜು, ಇನ್ನೇನಾಗುತ್ತದೆ ಎಂದ. ಆ ಕಾರು ಶೋರೂಮಿನ ಗೇಟು ದಾಟಿ ಎಂಟು ತಿಂಗಳಾಯಿತು, ಬೇಕಾದರೆ ರಿಜಿಸ್ಟರ್ ನೋಡಿ ಎಂದ. ಸರ್ವೇಯರ್ ನೋಡಿದಳು. ನಿಜ, ಎಂಟು ತಿಂಗಳಿಂದ ಆ ನಂಬರ್ ಇರಲಿಲ್ಲ.

ಇನ್‌ಸ್ಪೆಕ್ಟರ್ ಕಾಲು ಕುಣಿಸುತ್ತಿದ್ದ. ನಾಲ್ಕು ಗಂಟೆಯಾಗುತ್ತಿತ್ತು.

ಮೂಲೆಯಲ್ಲಿ ಕಾಗದದ ಕಟ್ಟೊಂದಿತ್ತು. ಮೆಕ್ಯಾನಿಕ್‌ಗಳು ಗಿರಾಕಿಯ ಕಾರಿಗೆ ಹತ್ತುವ ಮೊದಲು ಕಾಲಡಿ ಹಾಸುವ ಕಾಗದ. ಕಾರು, ಕೊಡೆ, ಘೋಷಣೆ.

"ಚೆನ್ನಾಗಿದೆ," ಎಂದಳು. "ಹಳೇದಾ?"

"ಇಲ್ಲ ಮೇಡಂ, ಹೊಸದು. ಮಂಗಳವಾರ ಪ್ರೆಸ್ಸಿಂದ ಬಂತು." ಅವನ ಮುಖ ಅರಳಿತು. "ಘೋಷಣೆ ನಂದೇ."

ಆಕೆ ಚೀಲದಿಂದ ಟೀಚರ ಪಟ್ಟಿ ತೆಗೆದು, ಘೋಷಣೆ ಮೇಲೆ ಬರುವ ಹಾಗೆ ಮೇಜಿನ ಮೇಲೆ ಹರಡಿದಳು.

"ಹಾಗಾದರೆ ಇದು ಎಂಟು ತಿಂಗಳಿಂದ ನಿಮ್ಮ ಗೇಟು ದಾಟದ ಕಾರಿನೊಳಗೆ ಹೇಗೆ ಬಂತು?"

ನಗು ಹಾಗೇ ಇತ್ತು, ಬಣ್ಣ ಮಾತ್ರ ಹೋಗಿತ್ತು. ಅವರೇ ಯಾವಾಗಲೋ ಬಂದು ಒಯ್ದಿರಬಹುದು ಎಂದ.

"ನಿಮ್ಮ ಬೂಟು ತೋರಿಸಿ," ಎಂದ ಇನ್‌ಸ್ಪೆಕ್ಟರ್.

ಡೆಸ್ಕಿನವನು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

\* \* \*

"ಗೆರೆ ಹೋಗಿದ್ದು ಆಯಿಲ್ ಸೋರಿ ಇರಬಹುದಲ್ಲ?" ಜೀಪಿನಲ್ಲಿ ಇನ್‌ಸ್ಪೆಕ್ಟರ್ ಕೇಳಿದ. ಹಿಂದಿನ ಸೀಟಿನಲ್ಲಿ ಡೆಸ್ಕಿನವನು ಟೈ ಸಡಿಲಿಸಿಕೊಂಡು ಕುಳಿತಿದ್ದ.

"ಆಯಿಲ್ ಕೆಳಕ್ಕೆ ಹರಿಯುತ್ತೆ ಸರ್. ತೊಳೆದ ಜಾಗ ಬೋಲ್ಟಿನ ಮೇಲ್ಗಡೆ ಇತ್ತು."

ಆಕೆ ಬಿಡಿಸಿ ಹೇಳಿದಳು. ಮೇಸ್ತ್ರಿ ಮರೆತಿದ್ದರೆ ಗೆರೆ ಇರುತ್ತಿರಲಿಲ್ಲ, ಆದರೆ ಇಪ್ಪತ್ತು ದಿನದ ಪುಡಿ ಇರುತ್ತಿತ್ತು. ಪುಡಿಯೂ ಇಲ್ಲ ಎಂದರೆ ಯಾರೋ ಈಚೆಗೆ ಒರೆಸಿದ್ದಾರೆ. ಬೋಲ್ಟ್ ಸಡಿಲಿಸಿದ ಕೂಡಲೇ ಗೆರೆ ಮುರಿದು ಕಾಣುತ್ತದೆ, ಅದಕ್ಕೇ ಒರೆಸಿದ್ದು. ಆಯಿಲ್ ಹನಿಹನಿಯಾಗಿ ಸೋರಿ ಬ್ರೇಕ್ ಪೂರ್ತಿ ಹೋಗಲು ಎರಡು ದಿನ ಹಿಡಿದಿದೆ. ಚಕ್ರ ಬಿಚ್ಚದೆ ಆ ಬೋಲ್ಟಿಗೆ ಸ್ಪ್ಯಾನರ್ ಹಾಕಬೇಕಾದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಬೇಕು. ತಿರುಗಿಸಬೇಕಾದರೆ ಕಾರಿನೊಳಗೆ ಕೂರಬೇಕು.

"ಆರು ವರ್ಷದ ಅಭ್ಯಾಸ. ಗಿರಾಕಿಯ ಕಾರಲ್ಲಿ ಕಾಗದ ಹಾಸದೆ ಕೂರೋಕೆ ಇವನಿಂದ ಆಗಲಿಲ್ಲ. ಕದ್ದು ಮಾಡೋ ಕೆಲಸದಲ್ಲೂ ಹಾಸಿದ. ಟೀಚರ್ ಅದನ್ನ ಎಸೀಲಿಲ್ಲ."

ಹಿಂದಿನಿಂದ ದನಿ ಬಂತು. ಗುರುವಾರ ಬಿಟ್ಟಿ ತಪಾಸಣೆ ಎಂದು ಟೀಚರನ್ನು ತಾನೇ ಫೋನ್ ಮಾಡಿ ಕರೆಸಿದ್ದು, ಅವರು ಒಳಗೆ ಟೀ ಕುಡಿಯುವಾಗ ಹಿತ್ತಲಲ್ಲಿ ಐದು ನಿಮಿಷದ ಕೆಲಸ, ರಿಜಿಸ್ಟರಿಗೆ ಹತ್ತಿಸಲಿಲ್ಲ. ವಿಮೆ ಬಿಟ್ಟು ಹೋದವರನ್ನು ವಾಪಸು ತರಬೇಕೆಂದು ಮೇಲಿನವರ ಕಾಟ. ಹೊರಗಿನ ಗ್ಯಾರೇಜಿನಲ್ಲಿ ಕೆಟ್ಟಿತು ಎನ್ನಿಸಿದರೆ ಜನ ಹೆದರಿ ಬರುತ್ತಾರೆ.

ಸರ್ವೇಯರ್‌ಗೆ ತನ್ನ ಕಪಾಟಿನ ಮೂರು ಫೈಲು ನೆನಪಾದವು. ಈ ವರ್ಷದವೇ. ಕಳಚಿದ ರೇಡಿಯೇಟರ್ ಪೈಪು, ಸಡಿಲವಾದ ಬ್ಯಾಟರಿ ತಂತಿ, ಉದುರಿದ ಸೈಲೆನ್ಸರ್. ಮೂರೂ ಹೊರಗಿನ ವಿಮೆ, ಮೂರು ಬೇರೆ ಬೇರೆ ಗ್ಯಾರೇಜು. ಮೂರು ಸಲವೂ ಗ್ಯಾರೇಜಿನವನನ್ನೇ ಆಕೆ ಬೈದಿದ್ದಳು. ಬಿಟ್ಟಿ ತಪಾಸಣೆ ಆಗಿತ್ತೇ ಎಂದು ಕೇಳಿರಲಿಲ್ಲ.

"ಆಯಿಲ್ ಇಳಿದರೆ ಬರೀ ಬ್ರೇಕಿನ ಕೆಂಪು ದೀಪ ಉರಿಯುತ್ತೆ, ಗಾಡಿ ನಿಲ್ಲಿಸ್ತಾರೆ ಅಂದ್ಕೊಂಡೆ," ಎಂದ ಡೆಸ್ಕಿನವನು. "ಸಾಯಿಸೋಕೆ ಅಲ್ಲ."

ಐದಕ್ಕೆ ಹತ್ತು ನಿಮಿಷವಿದ್ದಾಗ ಜೀಪು ಠಾಣೆಯ ಮುಂದೆ ನಿಂತಿತು. ಒಬ್ಬ ಒಳಗೆ ಹೋದ, ಒಬ್ಬ ಹೊರಗೆ ಬಂದ. ಮಗ ಮೆಟ್ಟಿಲ ಮೇಲೆ ನಿಂತಿದ್ದ. ಗೆರೆ ಮೇಸ್ತ್ರಿ ಅವನ ಮುಖ ನೋಡದೆ ಆಸ್ಪತ್ರೆಯ ಕಡೆ ನಡೆದ.

\* \* \*

ಒಂಬತ್ತು ದಿನದ ಮೇಲೆ ಸರ್ವೇಯರ್ ವಿಮೆಯ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ವಾರ್ಡಿಗೆ ಬಂದಳು. ಟೀಚರ್ ದಿಂಬಿಗೆ ಒರಗಿದ್ದರು. ಕಾಲಿಗೆ ಪ್ಲಾಸ್ಟರ್.

"ದೀಪ ಉರೀತಮ್ಮ," ಎಂದರು. "ಹ್ಯಾಂಡ್‌ಬ್ರೇಕ್ ಇಳಿಸದಿದ್ರೂ ಅದೇ ದೀಪ. ಇಳಿಸೋದು ಮರೆತಿದೀನಿ ಅಂದ್ಕೊಂಡು ಅದನ್ನೇ ಕುಟ್ಟಿ ಕುಟ್ಟಿ ಇಳಿಸ್ತಿದ್ದೆ." ಸಹಿಯ ಕೆಳಗೆ ತಾರೀಖು ಹಾಕಿ ಕೇಳಿದರು, "ಇನ್ನು ಮೇಲೆ ಯಾರ ವಿಮೆ ಮಾಡಿಸಲಿ? ಶೋರೂಮಿಂದಾ, ಹೊರಗಿಂದಾ?"

"ಯಾರದಾದರೂ ಸರಿ. ರಿಪೇರಿ ಎಲ್ಲಿ ಅಂತ ನೀವು ಆರಿಸಬಹುದಾ, ಹಳೇ ಸಾಮಾನಿಗೆ ಎಷ್ಟು ಮುರಿದುಕೊಳ್ತಾರೆ, ಈ ಎರಡು ಸಾಲು ಹುಡುಕಿ ಓದಿ. ಬಿಟ್ಟಿ ತಪಾಸಣೆ ಅಂದರೆ ಟೀ ಬಿಟ್ಟು ಪಕ್ಕದಲ್ಲಿ ನಿಂತ್ಕೊಳ್ಳಿ."

ಕಿಟಕಿಯ ಹತ್ತಿರ ಗೆರೆ ಮೇಸ್ತ್ರಿ ಬೆನ್ನು ತಿರುಗಿಸಿ ನಿಂತಿದ್ದ. ಮಗ ನೆಲದ ಮೇಲೆ ಕುಳಿತು ತಾಯಿಗೆ ತಂದ ಹೊಸ ವಾಕರ್ ಜೋಡಿಸುತ್ತಿದ್ದ. ಒಂಬತ್ತು ದಿನದಿಂದ ಇಬ್ಬರೂ ಒಂದೇ ವಾರ್ಡಿನಲ್ಲಿದ್ದರು, ಒಂದು ಮಾತೂ ಆಡಿರಲಿಲ್ಲ. ಮಗ ನಾಲ್ಕೂ ಬೋಲ್ಟ್ ಬಿಗಿದ. ಮತ್ತೆ ಬಿಗಿದ. ಆಮೇಲೆ ಎದ್ದು, ವಾಕರನ್ನು ಮಾವನ ಮುಂದೆ ತಂದಿಟ್ಟ.

"ನೋಡು ಮಾವ, ಸರಿಯಾಗಿದೆಯಾ?"

ಮೇಸ್ತ್ರಿ ಬಗ್ಗಿ ನೋಡಿದ. ಒಂದೊಂದೇ ಬೋಲ್ಟನ್ನು ಹೆಬ್ಬೆರಳಿನಿಂದ ಒತ್ತಿದ. ನಾಲ್ಕನೆಯದರ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಆಮೇಲೆ ಜೇಬಿನಿಂದ ಉಗುರು ಬಣ್ಣದ ಸೀಸೆ ತೆಗೆದು ಅಳಿಯನ ಕೈಗೆ ಕೊಟ್ಟ.

"ಬಿಗಿ ಮಾಡಿದವನೇ ಎಳೀಬೇಕು," ಎಂದ. "ಕೈ ನಡುಗಿಸಬೇಡ."