ತಿದಿಯ ತೂತು

ಕ್ಯಾಮೆರಾ ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡವನು ನಾನು. ದೆವ್ವಗಿವ್ವದ ಮಾತೆತ್ತಿದವರನ್ನು ಅಂಗಡಿಯ ಮೆಟ್ಟಿಲಿಂದಲೇ ಸಾಗಹಾಕುತ್ತಿದ್ದೆ.

ಹೆಂಗಸೊಬ್ಬರು ಮಡಿಸುವಂಥ ಹಳೇ ರೀಲ್ ಕ್ಯಾಮೆರಾ ತಂದರು. ತೀರಿಕೊಂಡ ಅಣ್ಣನದಂತೆ.

"ಇದು ರಿಪೇರಿ ಆಗುತ್ತಾ, ಇಲ್ಲ ಬೇರೇದೇ ತಗೊಳ್ಳಲಾ? ನೀವೇ ಹೇಳಿ."

ಬೆಳಕು ಸೋರುವ ತೂತುಗಳನ್ನು ಹುಡುಕಲು, ಲೆನ್ಸಿನ ಹಿಂದೆ ಹಾರ್ಮೋನಿಯಂನಂತೆ ಮಡಿಕೆಯಾಗುವ ಚರ್ಮದ ತಿದಿಯೊಳಗೆ ಪುಟ್ಟ ಬಲ್ಬ್ ಇಟ್ಟು, ಬಾಗಿಲು ಹಾಕಿ ಕತ್ತಲು ಮಾಡಿದೆ. ತೂತುಗಳೆಲ್ಲ ಚುಕ್ಕಿಗಳಂತೆ ಹೊಳೆದವು. ನೋಡುತ್ತಿದ್ದಂತೆ ಒಂದೊಂದೇ ಚುಕ್ಕಿ ಆರಿ ಮತ್ತೆ ಹೊತ್ತಿಕೊಂಡಿತು, ಒಳಗೆ ಯಾರೋ ಬಲ್ಬಿನ ಮುಂದೆ ಹಾದುಹೋದ ಹಾಗೆ. ವೈರ್ ಸಡಿಲವಾಗಿದ್ದರೆ ಎಲ್ಲವೂ ಒಟ್ಟಿಗೇ ಆರಬೇಕಿತ್ತು.

ಬಲ್ಬ್ ತೆಗೆದೆ. ತೂತುಗಳಿಗೆಲ್ಲ ಕಪ್ಪು ಬಟ್ಟೆ ಅಂಟಿಸಿ, ಕ್ಯಾಮೆರಾ ಮಡಿಸಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಿಚ್ಚಿದರೆ ಹೊಸ ಬಟ್ಟೆಯ ನಟ್ಟನಡುವೆ ಒಂದು ತೂತು. ಬೆರಳಾಡಿಸಿದೆ. ಅಂಚು ಹೊರಕ್ಕೆ ಚಾಚಿಕೊಂಡಿತ್ತು. ಚುಚ್ಚಿದ್ದು ಒಳಗಿನಿಂದ.

ಆಕೆ ಬಂದಾಗ, "ರಿಪೇರಿ ಬೇಡಮ್ಮ, ಬೇರೆ ತಗೊಳ್ಳಿ" ಎಂದು ತೂತು ತೋರಿಸಿದೆ. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ.

"ಎಲ್ಲಾನೂ ಮುಚ್ಚಿಬಿಟ್ಟಿದ್ರಾ? ಅಣ್ಣನಿಗೆ ಕತ್ತಲೆ ಅಂದ್ರೆ ಆಗಲ್ಲ."

ಬೇರೆ ಕ್ಯಾಮೆರಾ ಕೊಂಡು ಹೋದರು, ಹಳೆಯದನ್ನು ಕೇಳಲೇ ಇಲ್ಲ. ಅದು ನನ್ನ ಕಪಾಟಿನಲ್ಲಿದೆ. ಒಳಗೆ ಮತ್ತೆ ಬಲ್ಬ್ ಇಟ್ಟಿದ್ದೇನೆ; ಇವತ್ತಿನವರೆಗೂ ಆರಿಸಿಲ್ಲ.