ಬತ್ತಿದ ಟೋಬಾದ ಸೊಲ್ಲು

“ಅಜ್ಜಿ ತೀರಿಕೊಂಡ ಮೇಲೆ ಬಂದ್ರಾ ರೇಡಿಯೋ ಸಾಯೀಂ? ಹಾಡು ಇನ್ಯಾರಿಂದ ಹೇಳಿಸ್ತೀರಿ?”

ಬಾಗಿಲಲ್ಲೇ ಕೇಳಿದಳು ಬಖ್ತಾವರ್. ಸಜಾವಲ್ ಜೋಳಿಗೆಯಿಂದ ಪುಟ್ಟ ರೆಕಾರ್ಡರ್ ತೆಗೆದ. “ಹೇಳಿಸೋಕಲ್ಲ, ಕೇಳಿಸೋಕೆ ಬಂದೆ.”

ಅವನ ತಡವರಿಸುವ ಸರಾಯಿಕಿ ಮಾತು ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. ಲಾಹೋರಿನಲ್ಲಿ ಉರ್ದು ಆಡುತ್ತಲೇ ಬೆಳೆದವನು. ತಾಯಿನುಡಿಯಾದ ಸರಾಯಿಕಿಯನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿತಿದ್ದ. ಮುಲ್ತಾನಿನ ರೇಡಿಯೋಗಾಗಿ ಹಿಂದಿನ ಚಳಿಗಾಲದಲ್ಲಿ ಅವಳ ಅಜ್ಜಿಯ ಮದುವೆ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡು ಹೋಗಿದ್ದ. ಆಗ ಚಹಾ ಕೊಟ್ಟ ಬಖ್ತಾವರಳ ಕಣ್ಣು ಅವನ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತ್ತು.

ಈಗ ಅವಳಿಗೆ ಕರಾಚಿಯ ಸಂಬಂಧ ಬಂದಿತ್ತು. ಗಂಡಿನ ತಾಯಿ ಒಂದೇ ಷರತ್ತು ಹಾಕಿದ್ದಳು: ಮನೆಯೊಳಗೆ ಈ ಹಳ್ಳಿಮಾತು ಬೇಡ, ಮಕ್ಕಳ ನಾಲಿಗೆ ಕೆಡುತ್ತದೆ. ಬಖ್ತಾವರಳನ್ನು ಸಾಕಿದ ಸೋದರಮಾವ ಒಪ್ಪಿಬಿಟ್ಟಿದ್ದ. ಇವಳು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಅಜ್ಜಿ ಹಾಡಿದ ಜಾಗದಲ್ಲೇ ಕೇಳೋಣವೆಂದು ಇಬ್ಬರೂ ಊರಾಚೆಯ ಟೋಬಾಕ್ಕೆ ಹೋದರು. ಮಳೆನೀರಿನ ಆ ಕೊಳ ಬತ್ತಿ ಬಿರಿದಿತ್ತು. ನೆತ್ತಿ ಸುಡುವ ಬಿಸಿಲು. ದೂರದಲ್ಲಿ ಒಂಟೆಗಳು ಮಲಗಿದ್ದವು.

ರೆಕಾರ್ಡರಿನಲ್ಲಿ ಅಜ್ಜಿಯ ಒಡಕು ದನಿ ಎದ್ದಿತು. ಒಂದು ಸಾಲು ಮುಗಿಯುತ್ತಿದ್ದಂತೆ ಹಲವು ಹೆಂಗಸರು ಒಟ್ಟಾಗಿ ಪಲ್ಲವಿಯ ಸೊಲ್ಲು ಹಿಡಿದರು.

“ಅವತ್ತು ಯಾರಿದ್ರು ಜೊತೆಗೆ?” ಬಖ್ತಾವರ್ ಪಿಸುಗುಟ್ಟಿದಳು.

“ಯಾರೂ ಇರಲಿಲ್ಲ. ನಿನ್ನೆವರೆಗೂ ಇದರಲ್ಲಿ ಅಜ್ಜಿ ದನಿ ಒಂದೇ ಇತ್ತು.”

“ಆ ಗೊಗ್ಗರು ದನಿ ನಸೀಬೋ ಅತ್ತೆದು. ನಾನು ಚಿಕ್ಕವಳಿದ್ದಾಗಲೇ ತೀರಿಹೋದಳು.”

ಅವನು ಗಾಬರಿಯಿಂದ ರೆಕಾರ್ಡರ್ ಆರಿಸಿದ. ಹಾಡು ನಿಲ್ಲಲಿಲ್ಲ. ಬಿರುಕು ನೆಲದ ಮೇಲಿಂದ ಅಜ್ಜಿಯ ದನಿ ಇನ್ನೊಂದು ಸಾಲು ಹಾಡಿ ನಿಂತಿತು. ಈ ಸಲ ಸೊಲ್ಲಿಗೆ ಯಾರೂ ದನಿಗೂಡಿಸಲಿಲ್ಲ. ಗಾಳಿಯೂ ಬಿದ್ದುಹೋಯಿತು. ಒಂಟೆಗಳೆಲ್ಲ ಕತ್ತೆತ್ತಿ ಇವರತ್ತ ನೋಡಿದವು.

“ಕಾಯ್ತಿದ್ದಾರೆ,” ಎಂದಳು ಅವಳು.

ಬಖ್ತಾವರ್ ಸೊಲ್ಲು ಹಿಡಿದಳು. ಅವನೂ ಸೇರಿಕೊಂಡ, ತಪ್ಪುತಪ್ಪಾಗಿ. ಅಜ್ಜಿ ಮತ್ತೊಂದು ಸಾಲು ಕೊಟ್ಟಳು. ಇವರು ಮತ್ತೆ ಹಾಡಿದರು. ಹಾಡು ಮುಗಿದಾಗ ತೀರ ಹತ್ತಿರದಲ್ಲಿ ಯಾರೋ ಕಿಸಕ್ಕನೆ ನಕ್ಕಂತಾಯಿತು. ಬಳೆ ಸದ್ದಾಯಿತು. ಆಮೇಲೆ ಗಾಳಿ ಬೀಸಿತು.

ಅವಳ ಕೈ ಅವನ ಕೈಯೊಳಗಿತ್ತು. ಯಾವಾಗ ಹಿಡಿದದ್ದೋ ಇಬ್ಬರಿಗೂ ತಿಳಿಯದು.

“ನಾನು ಬಂದದ್ದು ಬರೀ ಹಾಡಿಗಲ್ಲ,” ಎಂದ ಸಜಾವಲ್.

“ಗೊತ್ತು. ಹಾಡನ್ನ ಫೋನಿಗೆ ಕಳಿಸಬಹುದಿತ್ತು.”

“ನನ್ನ ಮದುವೆ ಆಗ್ತೀಯಾ? ಮನೇಲಿ ನಮ್ಮ ಮಾತೇ ಆಡೋಣ.”

“ಜಗಳವೂ ಅದರಲ್ಲೇನಾ? ಸೋತುಹೋಗ್ತೀಯ!”

“ದಿನಾ ಸೋಲ್ತೀನಿ.”

ಅವಳು ಓಢಣಿಯ ಅಂಚಿನಿಂದ ಕಣ್ಣೊರೆಸಿಕೊಂಡಳು. “ಹಾಗಾದ್ರೆ ಬಾ. ಕರಾಚಿಯೋರಿಗೆ ಆಗಲ್ಲ ಅಂತ ಮಾವನಿಗೆ ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತಿರು, ಸಾಕು.”

ಊರ ಕಡೆ ತಿರುಗಿದವರು ಅಲ್ಲೇ ನಿಂತರು. ಮರಳಿನ ಮೇಲೆ ಬರಿಗಾಲಿನ ಹೆಜ್ಜೆಗುರುತುಗಳು ಒಂದೊಂದಾಗಿ ಮೂಡುತ್ತಿದ್ದವು. ಮದುವೆ ಮನೆಗೆ ಹೊರಟ ಹೆಂಗಸರ ಗುಂಪಿನಂತೆ ಅವು ಅವಳ ಮನೆಯತ್ತ ಸಾಗಿದ್ದವು.

ಸಜಾವಲ್ ಹೆಜ್ಜೆ ಮುಂದಿಟ್ಟ. ಬಖ್ತಾವರ್ ಅವನ ಕೈ ಒತ್ತಿದಳು.

“ನಿಧಾನ ನಡಿ,” ಎಂದಳು. “ಹಿರಿಯರು ಮುಂದೆ ಹೋಗಲಿ.”